ಗುಗುಲೆತುವಿನಲ್ಲಿ ಒಂದು ಕೊಲೆ, ಎರಡು ತೀರ್ಪು

1993ರ ಆಗಸ್ಟ್ 25ರ ಸಂಜೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಅಂಚಿನಲ್ಲಿರುವ ಗುಗುಲೆತು ಬಡಾವಣೆಯಲ್ಲಿ ಏಮಿ ಬೀಲ್ ಎಂಬ 26 ವರ್ಷದ ಅಮೆರಿಕನ್ ಯುವತಿಯನ್ನು ಯುವಕರ ಗುಂಪೊಂದು ಕೊಂದಿತು. ನಾಲ್ವರಿಗೆ ನ್ಯಾಯಾಲಯ ತಲಾ 18 ವರ್ಷಗಳ ಸೆರೆವಾಸ ವಿಧಿಸಿತು. ಆದರೆ ಕೊಲೆ ನಡೆದು ಐದು ವರ್ಷ ತುಂಬುವ ಮೊದಲೇ ನಾಲ್ವರೂ ಬಿಡುಗಡೆಯಾದರು. ಏಮಿಯ ತಂದೆತಾಯಿ ಅದಕ್ಕೆ ಅಡ್ಡಿ ಮಾಡಲಿಲ್ಲ. ಮುಂದೆ ಆ ನಾಲ್ವರಲ್ಲಿ ಇಬ್ಬರು ಏಮಿಯ ಹೆಸರಿನಲ್ಲೇ ನಡೆಯುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು.

ಇಷ್ಟು ಮಾತ್ರ ಕೇಳಿದವರಲ್ಲಿ ಕೆಲವರು ಆ ತಂದೆತಾಯಿಗೆ ಕೈ ಮುಗಿಯುತ್ತಾರೆ. ಇನ್ನು ಕೆಲವರು ಹುಡುಗಿಗೆ ಅನ್ಯಾಯವಾಯಿತು ಎಂದು ಸಿಟ್ಟಾಗುತ್ತಾರೆ. ಎರಡೂ ಸಹಜವೇ. ಆದರೆ ಎರಡೂ ಪ್ರಕರಣವನ್ನು ಬಹಳ ಬೇಗ ಮುಚ್ಚಿಬಿಡುತ್ತವೆ. ಬೀಲ್ ದಂಪತಿ ತೋರಿದ ಕ್ಷಮೆ ಮತ್ತು ಸರ್ಕಾರ ಕೊಟ್ಟ ಕ್ಷಮಾದಾನ ಬೇರೆ ಬೇರೆ ಕೈಗಳಿಂದ, ಬೇರೆ ಬೇರೆ ಕಾರಣಗಳಿಗಾಗಿ ಬಂದವು. ಆ ಎರಡನ್ನು ಬೆರೆಸಿದಲ್ಲೆಲ್ಲ ನೊಂದವರ ಹೆಗಲ ಮೇಲೆ ಇನ್ನೊಂದು ಹೊರೆ ಬೀಳುತ್ತದೆ ಎಂಬುದು ಈ ಪ್ರಕರಣವನ್ನು ಓದುತ್ತಾ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ.

ಅಂದು ನಡೆದದ್ದು

ಏಮಿ ಕ್ಯಾಲಿಫೋರ್ನಿಯಾದವಳು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯಕ್ಕೆ ಬಂದಿದ್ದಳು. ವರ್ಣಭೇದದ ಆಡಳಿತ ಕೊನೆಗಾಣುತ್ತಾ ಹೊಸ ಸಂವಿಧಾನದ ಮಾತುಕತೆ ನಡೆಯುತ್ತಿದ್ದ ಕಾಲ ಅದು. ಆ ಸಂವಿಧಾನದಲ್ಲಿ ಹೆಣ್ಣುಮಕ್ಕಳ ಹಕ್ಕುಗಳಿಗೆ ಎಂಥ ಜಾಗ ಸಿಗಬೇಕು ಎಂಬುದು ಆಕೆಯ ಅಧ್ಯಯನದ ವಿಷಯ. ಊರಿಗೆ ಮರಳಲು ಇನ್ನೆರಡೇ ದಿನ ಉಳಿದಿದ್ದಾಗ, ಗೆಳೆಯರನ್ನು ಮನೆಗೆ ಬಿಡಲೆಂದು ತನ್ನ ಕಾರಿನಲ್ಲಿ ಗುಗುಲೆತುವಿಗೆ ಹೋದಳು.

ಅದೇ ದಿನ ಪಕ್ಕದ ಲಂಗಾ ಬಡಾವಣೆಯಲ್ಲಿ ಪ್ಯಾನ್ ಆಫ್ರಿಕನಿಸ್ಟ್ ವಿದ್ಯಾರ್ಥಿ ಸಂಘಟನೆಯ ಸಭೆ ನಡೆದಿತ್ತು. ಆ ಸಂಘಟನೆಯ ಮಾತೃಪಕ್ಷವಾದ ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್‌ನ ಸಶಸ್ತ್ರ ದಳ 1993ನ್ನು ಮಹಾ ಬಿರುಗಾಳಿಯ ವರ್ಷವೆಂದು ಸಾರಿತ್ತು. 'ಒಬ್ಬ ವಲಸಿಗನಿಗೆ ಒಂದು ಗುಂಡು' ಎಂಬ ಘೋಷಣೆ ಬೀದಿಬೀದಿಗಳಲ್ಲಿ ಕೇಳುತ್ತಿತ್ತು. ವಲಸಿಗ ಎಂದರೆ ಬಿಳಿಯ. ಆ ಸಭೆಯಿಂದ ಹೊರಬಂದ ಯುವಕರು ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕಲ್ಲು ಹೊಡೆಯುತ್ತಾ ಬರುತ್ತಿದ್ದರು. ಏಮಿಯ ಕಾರು ಅವರ ಕಣ್ಣಿಗೆ ಬಿತ್ತು. ಗಾಜು ಒಡೆದು ಇಟ್ಟಿಗೆ ತಲೆಗೆ ಬಡಿಯಿತು. ಆಕೆ ಕಾರಿನಿಂದಿಳಿದು ರಸ್ತೆಯಾಚೆಯ ಪೆಟ್ರೋಲ್ ಬಂಕಿನ ಕಡೆಗೆ ಓಡಿದಳು. ಅಲ್ಲಿಗೂ ಅಟ್ಟಿಸಿಕೊಂಡು ಹೋಗಿ ಕಲ್ಲು ಹೊಡೆದರು, ಚೂರಿಯಿಂದ ಇರಿದರು. 'ಇವಳು ನಮ್ಮವಳು, ನಮ್ಮ ಸಂಗಾತಿ' ಎಂದು ಕಪ್ಪುವರ್ಣದ ಗೆಳತಿಯರು ಕೂಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೆಳೆಯರು ಆಕೆಯನ್ನು ಹತ್ತಿರದ ಪೊಲೀಸ್ ಠಾಣೆಗೆ ಕರೆದೊಯ್ದರು. ಅಲ್ಲಿಯೇ ಪ್ರಾಣ ಹೋಯಿತು.

ಗುಗುಲೆತು ತಾನಾಗಿ ಬೆಳೆದ ಊರಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕಪ್ಪುವರ್ಣೀಯರನ್ನು ನಗರದಿಂದ ಹೊರಗಿಡಲು 1960ರ ಆಸುಪಾಸಿನಲ್ಲಿ ಸರ್ಕಾರವೇ ಕಟ್ಟಿಸಿದ ವಸತಿ ಅದು. ರಸ್ತೆಗಳಿಗೆ ಹೆಸರಿರಲಿಲ್ಲ, ಸಂಖ್ಯೆಗಳಿದ್ದವು. ಸಭೆಯಿಂದ ಬಂದ ಯುವಕರು ಇಂಥ ಬಡಾವಣೆಗಳಲ್ಲಿ, ಪೊಲೀಸ್ ವಾಹನಗಳ ನಡುವೆ ಬೆಳೆದವರು. ಇದನ್ನು ಹೇಳಿದರೆ ಕೊಲೆಯನ್ನು ಸಮರ್ಥಿಸಿದಂತಾಗುವುದಿಲ್ಲ. ಹೇಳದಿದ್ದರೆ ಮಾತ್ರ ಮುಂದಿನ ಯಾವುದೂ ಅರ್ಥವಾಗುವುದಿಲ್ಲ.

ಮೊದಲ ತೀರ್ಪು

ವಿಚಾರಣೆಯಲ್ಲಿ ಆರೋಪಿಗಳು ತಪ್ಪೊಪ್ಪಿಕೊಳ್ಳಲಿಲ್ಲ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗಳನ್ನು ಬಲವಂತದಿಂದ ಪಡೆಯಲಾಗಿದೆ ಎಂಬುದು ಅವರ ವಾದ. ಸಾಕ್ಷಿ ಹೇಳಲು ಊರಿನವರು ಹೆದರಿದರು. ಕೆಲವು ಆರೋಪಿಗಳ ಮೇಲಿನ ಪ್ರಕರಣವನ್ನು ಕೈಬಿಡಬೇಕಾಯಿತು. ಏಮಿ ನರಳಿದ್ದನ್ನು ಸಾಕ್ಷಿಯೊಬ್ಬರು ವಿವರಿಸುವಾಗ ನ್ಯಾಯಾಲಯದಲ್ಲಿ ಕುಳಿತಿದ್ದ ಆರೋಪಿಗಳ ಬೆಂಬಲಿಗ ಯುವಕರು ನಕ್ಕರು ಎಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು.

ಆ ನಗುವಿನ ಬಳಿ ಸ್ವಲ್ಪ ನಿಲ್ಲಬೇಕು. ಅದನ್ನು ಕ್ರೌರ್ಯ ಎಂದು ಬಿಡುವುದು ಸುಲಭ, ಕ್ರೌರ್ಯ ಹೌದು ಕೂಡ. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಆ ಯುವಕರಿಗೆ ಅದು ತಮ್ಮ ನ್ಯಾಯಾಲಯ ಅನ್ನಿಸಿರಲಿಲ್ಲ. ವರ್ಣಭೇದದ ಸರ್ಕಾರ 1980ರ ದಶಕದಲ್ಲಿ ಪ್ರಿಟೋರಿಯಾದ ಸೆರೆಮನೆಯಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿತ್ತು. ಅವರಲ್ಲಿ ಬಹುಪಾಲು ಕಪ್ಪುವರ್ಣೀಯರು. ಬಿಳಿಯ ಪೊಲೀಸರು ಕೊಂದ ಕಪ್ಪು ಮಕ್ಕಳ ವಿಷಯದಲ್ಲಿ ಅದೇ ವ್ಯವಸ್ಥೆ ಕಣ್ಣು ಮುಚ್ಚಿ ಕುಳಿತಿತ್ತು. ಹೀಗಿರುವಾಗ ಒಬ್ಬ ಬಿಳಿಯ ಹುಡುಗಿಯ ಸಾವಿಗೆ ಅದೇ ವ್ಯವಸ್ಥೆ ಇಷ್ಟು ಶ್ರದ್ಧೆಯಿಂದ ಎದ್ದು ನಿಂತದ್ದು ಅವರಿಗೆ ಎದುರು ಪಾಳೆಯದ ಇನ್ನೊಂದು ಹೊಡೆತವಾಗಿ ಕಂಡಿರಬೇಕು.

1994ರ ಅಕ್ಟೋಬರ್‌ನಲ್ಲಿ ಮೂವರಿಗೆ, ನಂತರ ನಾಲ್ಕನೆಯವನಿಗೆ ಶಿಕ್ಷೆಯಾಯಿತು. ಮೊಂಗೆಜಿ ಮಂಕಿನಾ, ಈಜಿ ನೊಫೆಮೆಲಾ, ವುಸುಮ್ಜಿ ಎನ್‌ಟಾಮೊ, ಎನ್‌ಟೊಬೆಕೊ ಪೆನಿ, ಈ ನಾಲ್ವರಿಗೂ 18 ವರ್ಷ. ಮರಣದಂಡನೆ ಆಗಿನ್ನೂ ಕಾನೂನಿನ ಪುಸ್ತಕದಲ್ಲಿತ್ತು. ನ್ಯಾಯಾಧೀಶರು ಅದನ್ನು ವಿಧಿಸಲಿಲ್ಲ. ಮರುವರ್ಷ, 1995ರ ಜೂನ್ 6ರಂದು, ಹೊಸ ಸಾಂವಿಧಾನಿಕ ನ್ಯಾಯಾಲಯ ಮರಣದಂಡನೆಯನ್ನೇ ರದ್ದು ಮಾಡಿತು.

ಸಾಕ್ಷ್ಯವನ್ನು ತೂಗಿ ಕೊಟ್ಟ ತೀರ್ಪು ಅದು, ಶಿಕ್ಷೆಯೂ ಹಗುರವಾಗಿರಲಿಲ್ಲ. ಆದರೆ ಕೊಂದವರ ಬಾಯಿಂದ ಒಂದು ಸತ್ಯವೂ ಹೊರಬರಲಿಲ್ಲ. ನಿರಾಕರಿಸುವುದೇ ಲಾಭ ಎಂಬ ವ್ಯವಸ್ಥೆಯಲ್ಲಿ ಆರೋಪಿ ನಿರಾಕರಿಸುತ್ತಾನೆ. ಅವರ ಬೀದಿಯವರಿಗೆ ಅವರು ಅಪರಾಧಿಗಳಾಗಿ ಉಳಿಯದೆ ರಾಜಕೀಯ ಕೈದಿಗಳಾದರು.

ಸತ್ಯಕ್ಕೆ ಬದಲಾಗಿ ಬಿಡುಗಡೆ

1994ರ ಏಪ್ರಿಲ್‌ನಲ್ಲಿ ಎಲ್ಲರೂ ಮತ ಹಾಕಿದ ಮೊದಲ ಚುನಾವಣೆ ನಡೆದು ಮಂಡೇಲಾ ಅಧ್ಯಕ್ಷರಾದರು. ಅಧಿಕಾರ ಬಿಟ್ಟುಕೊಡಬೇಕಾದ ಬಿಳಿಯರ ಸರ್ಕಾರ ತನ್ನವರಿಗೆ ಕ್ಷಮಾದಾನ ಬೇಕೆಂದು ಮಾತುಕತೆಯಲ್ಲಿ ಪಟ್ಟು ಹಿಡಿದಿತ್ತು. ಸೇನೆಯೂ ಪೊಲೀಸರೂ ಇನ್ನೂ ಅವರ ಕೈಯಲ್ಲೇ ಇದ್ದರು. ಎಲ್ಲರನ್ನೂ ಒಟ್ಟಿಗೆ ಬಿಟ್ಟುಬಿಡುವುದು ಒಂದು ದಾರಿ, ಎಲ್ಲರನ್ನೂ ಕಟಕಟೆಗೆ ಹತ್ತಿಸುವುದು ಇನ್ನೊಂದು. ಮೊದಲನೆಯದು ನೊಂದವರಿಗೆ ಮಾಡುವ ಅವಮಾನ. ಎರಡನೆಯದಕ್ಕೆ ಹೊರಟರೆ ಶಾಂತಿ ಒಪ್ಪಂದವೇ ಮುರಿಯುವ ಭಯವಿತ್ತು. 1995ರ ರಾಷ್ಟ್ರೀಯ ಏಕತೆ ಮತ್ತು ಸಾಮರಸ್ಯದ ಕಾಯ್ದೆ ಇವೆರಡರ ನಡುವೆ ಒಂದು ಕಿರಿದಾದ ದಾರಿ ತೆರೆಯಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ ಹುಟ್ಟಿದ್ದು ಈ ಕಾಯ್ದೆಯಿಂದ.

ಕ್ಷಮಾದಾನದ ಷರತ್ತುಗಳು ಸ್ಪಷ್ಟವಾಗಿದ್ದವು. ಕೃತ್ಯ 1960ರ ಮಾರ್ಚ್ 1ರಿಂದ 1994ರ ಮೇ 10ರೊಳಗೆ ನಡೆದಿರಬೇಕು. ಅದಕ್ಕೆ ರಾಜಕೀಯ ಉದ್ದೇಶ ಇರಬೇಕು. ಅರ್ಜಿದಾರ ತನಗೆ ತಿಳಿದದ್ದೆಲ್ಲವನ್ನೂ ಮುಚ್ಚಿಡದೆ ಹೇಳಬೇಕು. ಘೋರ ಅಪರಾಧಗಳಾದರೆ ಬಹಿರಂಗವಾಗಿ, ನೊಂದವರ ಎದುರಿನಲ್ಲೇ ಹೇಳಬೇಕು. ಪಶ್ಚಾತ್ತಾಪ ಎಂಬುದು ಷರತ್ತುಗಳ ಪಟ್ಟಿಯಲ್ಲಿ ಇರಲಿಲ್ಲ. ಇದನ್ನು ಬಹಳ ಜನ ದೊಡ್ಡ ಲೋಪ ಎಂದರು. ನನಗೆ ಇದು ಆ ಕಾಯ್ದೆಯ ಅತ್ಯಂತ ವಿವೇಕದ ಅಂಶವಾಗಿ ಕಾಣುತ್ತದೆ. ಹೇಳಿದ್ದು ಸತ್ಯವೇ ಎಂದು ಪರೀಕ್ಷಿಸಲು ಸಾಕ್ಷಿಗಳಿವೆ, ದಾಖಲೆಗಳಿವೆ. ಪಶ್ಚಾತ್ತಾಪವನ್ನು ಪರೀಕ್ಷಿಸಲು ಏನಿದೆ? ಅದನ್ನು ಬಿಡುಗಡೆಯ ಬೆಲೆಯಾಗಿ ಇಟ್ಟಿದ್ದರೆ ಆಯೋಗದ ಸಭಾಂಗಣಗಳು ಕಣ್ಣೀರಿನಿಂದ ತುಂಬುತ್ತಿದ್ದವು. ಆ ಕಣ್ಣೀರಿನಲ್ಲಿ ಯಾವುದು ನಿಜ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ, ನಿಜವಾಗಿ ಅತ್ತವರನ್ನೂ ಯಾರೂ ನಂಬುತ್ತಿರಲಿಲ್ಲ.

ಕಾಯ್ದೆಯ ಕಠೋರ ಮುಖ ಬೇರೆ ಕಡೆ ಇತ್ತು. ಕ್ಷಮಾದಾನ ಸಿಕ್ಕವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತಿರಲಿಲ್ಲ, ಪರಿಹಾರ ಕೇಳಿ ಸಿವಿಲ್ ದಾವೆಯನ್ನೂ ಹಾಕುವಂತಿರಲಿಲ್ಲ. 1977ರಲ್ಲಿ ಪೊಲೀಸ್ ವಶದಲ್ಲಿ ಸತ್ತ, ವರ್ಣಭೇದ ವಿರೋಧಿ ಹೋರಾಟದ ನಾಯಕ ಸ್ಟೀವ್ ಬಿಕೋ ಅವರ ಪತ್ನಿ ಮತ್ತು ಇತರ ಕುಟುಂಬಗಳು ಇದನ್ನು ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. 1996ರ ಜುಲೈನಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಇಂಥ ಆಮಿಷವಿಲ್ಲದೆ ಸತ್ಯ ಹೊರಬರುವುದಿಲ್ಲ, ಗುಟ್ಟಾಗಿ ನಡೆದ ಕೊಲೆಗಳಿಗೆ ಸಾಕ್ಷಿಗಳೇ ಇಲ್ಲ ಎಂಬುದು ನ್ಯಾಯಮೂರ್ತಿ ಇಸ್ಮಾಯಿಲ್ ಮಹಮ್ಮದ್ ಅವರ ತರ್ಕ. ಆ ತೀರ್ಪು ಕಾನೂನಿನ ದೃಷ್ಟಿಯಿಂದ ಸರಿ ಇರಬಹುದು. ಬಿಕೋ ಕುಟುಂಬ ಕೇಳಿದ್ದೂ ಸರಿಯಾಗಿಯೇ ಇತ್ತು. ನನ್ನ ಹಕ್ಕನ್ನು ನನ್ನ ಪರವಾಗಿ ಇನ್ನೊಬ್ಬರು ಬಿಟ್ಟುಕೊಡುವುದು ಯಾವ ನ್ಯಾಯ ಎಂಬ ಪ್ರಶ್ನೆಗೆ ತೃಪ್ತಿಯಾಗುವ ಉತ್ತರ ಆ ತೀರ್ಪಿನಲ್ಲಿ ನನಗೆ ಸಿಗಲಿಲ್ಲ.

1997ರ ಜುಲೈ

ಏಮಿಯ ಕೊಲೆಗೆ ಶಿಕ್ಷೆಯಾದ ನಾಲ್ವರೂ ಅರ್ಜಿ ಹಾಕಿದರು. ಕೇಪ್‌ಟೌನ್‌ನಲ್ಲಿ ನಡೆದ ಆ ಬಹಿರಂಗ ವಿಚಾರಣೆಗೆ ಪೀಟರ್ ಮತ್ತು ಲಿಂಡಾ ಬೀಲ್ ಅಮೆರಿಕದಿಂದ ಬಂದು ಕುಳಿತರು.

ನ್ಯಾಯಾಲಯದಲ್ಲಿ ನಿರಾಕರಿಸಿದ್ದನ್ನು ನಾಲ್ವರೂ ಇಲ್ಲಿ ಒಪ್ಪಿಕೊಂಡರು. ಯಾರು ಕಲ್ಲು ಎಸೆದದ್ದು, ಚೂರಿ ಯಾರ ಕೈಯಲ್ಲಿತ್ತು ಎಂಬುದನ್ನು ಹೇಳಿದರು. ಅವರು ಹೇಳಿದ್ದನ್ನು ಆಯೋಗದ ಪರ ವಕೀಲರು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ರಕ್ತದ ವಾಸನೆ ಹಿಡಿದ ಶಾರ್ಕ್‌ಗಳ ಹಿಂಡಿನಂತೆ ಎರಗಿದಿರಿ, ಇದರಲ್ಲಿ ರಾಜಕೀಯ ಎಲ್ಲಿದೆ ಎಂಬ ಧಾಟಿಯಲ್ಲಿ ಪ್ರಶ್ನಿಸಿದರು. ಯುವಕರ ಉತ್ತರ ಒಂದೇ ಆಗಿತ್ತು: ಬಿಳಿಯರನ್ನು ಕೊಂದರೆ, ಊರು ಆಳಲಾಗದಂತೆ ಮಾಡಿದರೆ, ಸರ್ಕಾರ ನೆಲವನ್ನು ಹಿಂದಿರುಗಿಸುತ್ತದೆ ಎಂದು ನಾವು ನಂಬಿದ್ದೆವು.

ಪೆನಿಯ ಮಾತು ಇಡೀ ವಿಚಾರಣೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು. ಈಗ ಹಿಂತಿರುಗಿ ನೋಡಿದರೆ ಮಾಡಿದ್ದು ಕೆಟ್ಟದ್ದು ಎಂದು ತಿಳಿಯುತ್ತದೆ, ನಮ್ಮ ಗುರಿಗಳಿಗೇ ನೆರವಾಗಬಹುದಾಗಿದ್ದ ಒಬ್ಬಳನ್ನು ಕೊಂದೆವು, ಹೊರಜಗತ್ತಿಗೆ ನಮ್ಮ ಸಂಕಟವನ್ನು ತಿಳಿಸಬಲ್ಲವಳಾಗಿದ್ದಳು ಎಂದು ಹೇಳಿ, ಆಕೆಯ ತಂದೆತಾಯಿ, ಬಂಧುಗಳು, ಗೆಳೆಯರಲ್ಲಿ ಕ್ಷಮೆ ಕೇಳಿದ. ಇದನ್ನು ಎಚ್ಚರದಿಂದ ಓದಿದರೆ ಮೊದಲ ಭಾಗದಲ್ಲಿ ಇರುವುದು ಲೆಕ್ಕಾಚಾರ: ಆಕೆ ನಮಗೆ ಉಪಯೋಗಕ್ಕೆ ಬರುತ್ತಿದ್ದಳು. ಹಾಗಾದರೆ ಉಪಯೋಗಕ್ಕೆ ಬಾರದ ಬಿಳಿಯ ಹುಡುಗಿಯಾಗಿದ್ದರೆ? ಆ ಮಾತಿನಲ್ಲಿ ಅನುಭೂತಿ ಇನ್ನೂ ಅರ್ಧ ದಾರಿಯಲ್ಲಿದೆ. ನಾಲ್ಕು ವರ್ಷಗಳ ಹಿಂದೆ ಆ ಮುಖ ಕೇವಲ ಬಿಳಿಯ ಮುಖವಾಗಿತ್ತು. ಈಗ ಅದಕ್ಕೆ ಒಂದು ಹೆಸರಿದೆ, ಒಂದು ಕೆಲಸವಿದೆ, ಎದುರಿಗೆ ಕುಳಿತ ತಂದೆತಾಯಿ ಇದ್ದಾರೆ. ಇನ್ನೊಬ್ಬರ ನೋವು ಒಮ್ಮೆಗೇ ಪೂರ್ತಿಯಾಗಿ ಅರಿವಿಗೆ ಬರುವುದು ಅಪರೂಪ. ಅರ್ಧ ಬಂದಾಗ ಅದನ್ನು ಸುಳ್ಳು ಎಂದು ತಳ್ಳಿಬಿಟ್ಟರೆ ಉಳಿದ ಅರ್ಧ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ನಂತರ ಪೀಟರ್ ಬೀಲ್ ಮಾತನಾಡಿದರು. ವರ್ಣದ್ವೇಷ ಕಪ್ಪುವರ್ಣೀಯರಿಗೂ ಬಿಳಿಯರಿಗೂ ನೋವು ತಂದಿದೆ, ಸಾಮರಸ್ಯವೂ ಅಷ್ಟೇ ನೋವಿನದಾಗಿರಬಹುದು, ಅದಕ್ಕಿರುವ ಮುಖ್ಯ ದಾರಿ ಮುಕ್ತವಾದ, ಪ್ರಾಮಾಣಿಕವಾದ ಸಂವಾದ ಎಂದು ಏಮಿಯೇ ಒಂದು ಪತ್ರಿಕೆಗೆ ಬರೆದಿದ್ದಳು. ಅದನ್ನು ಅವರು ಓದಿದರು. ಬಳಿಕ ಅವರು ಹೇಳಿದ್ದರ ತಿರುಳು ಇದು: ಈ ಪ್ರಕ್ರಿಯೆ ನಿಮ್ಮದು, ನಮ್ಮದಲ್ಲ. ಷರತ್ತುಗಳಿಗೆ ತಕ್ಕಂತೆ ಕ್ಷಮಾದಾನ ಸಿಕ್ಕರೆ ನಾವು ವಿರೋಧಿಸಲಾರೆವು. ಅದನ್ನು ಕೊಡುವ ಅಧಿಕಾರ ನಮ್ಮದಲ್ಲ. ಕೊನೆಗೆ ಅವರು ಆಯೋಗಕ್ಕೇ ಪ್ರಶ್ನೆಗಳನ್ನು ಹಾಕಿದರು. ಈ ಯುವಕರು ಸಮಾಜಕ್ಕೆ ಹೊರೆಯಾಗದೆ ನೆರವಾಗಿ ಮರಳುವಂತೆ ಅವರನ್ನು ಹೇಗೆ ಸಿದ್ಧಗೊಳಿಸುತ್ತಿದ್ದೀರಿ? ಹೊರಗೆ ಇಷ್ಟೊಂದು ನಿರುದ್ಯೋಗ ಇರುವಾಗ ಅವರು ಎಲ್ಲಿಗೆ ಹೋಗುತ್ತಾರೆ?

ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ಶಿಕ್ಷೆಯ ಬಗ್ಗೆ ಕೇಳಬಹುದಾದ ಇದಕ್ಕಿಂತ ಕಠಿಣ ಪ್ರಶ್ನೆ ನನಗೆ ತಿಳಿಯದು. ಅವರು ಇಲ್ಲಿ ಎರಡು ಕೆಲಸ ಮಾಡಿದ್ದಾರೆ. ತೀರ್ಪಿನ ಭಾರವನ್ನು ತಮ್ಮ ಮೇಲೆ ಹಾಕಿಕೊಳ್ಳಲು ನಿರಾಕರಿಸಿದ್ದಾರೆ. ಬಿಡುಗಡೆ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದು ಭಾವಿಸುವ ಅವಕಾಶವನ್ನು ಸರ್ಕಾರಕ್ಕೆ ಕೊಡಲೂ ನಿರಾಕರಿಸಿದ್ದಾರೆ. ವಿಚಾರಣೆ ಮುಗಿದಾಗ ಅವರು ಆ ಯುವಕರ ಕುಟುಂಬದವರ ಕೈ ಹಿಡಿದರು. ಜಗತ್ತಿನ ಪತ್ರಿಕೆಗಳು ಆ ಹಸ್ತಲಾಘವವನ್ನು ಮುಖಪುಟಕ್ಕೆ ತಂದವು, ಪ್ರಶ್ನೆಗಳು ಒಳಪುಟಗಳಲ್ಲಿ ಉಳಿದವು.

1998ರ ಜುಲೈ 28ರಂದು ಕ್ಷಮಾದಾನ ಸಿಕ್ಕಿತು. ರಾಜಕೀಯ ಉದ್ದೇಶದಿಂದಲೇ ಕೃತ್ಯ ನಡೆಯಿತು ಎಂಬುದನ್ನು ಆಯೋಗದ ಕ್ಷಮಾದಾನ ಸಮಿತಿ ಒಪ್ಪಿತು. ಇಲ್ಲಿ ಒಂದು ಅನುಮಾನ ಉಳಿಯುತ್ತದೆ. ರಾಜಕೀಯ ಎಂದರೆ ಬಿಡುಗಡೆ, ದ್ವೇಷ ಎಂದರೆ ಸೆರೆ ಎಂಬ ನಿಯಮವಿದ್ದಾಗ ತಮ್ಮ ಕೃತ್ಯವನ್ನು ರಾಜಕೀಯದ ಭಾಷೆಯಲ್ಲಿ ಹೇಳಲು ಅರ್ಜಿದಾರರಿಗೆ ಎಲ್ಲ ಕಾರಣಗಳೂ ಇದ್ದವು. ಸಂಜೆಯ ಆ ಹತ್ತು ನಿಮಿಷಗಳಲ್ಲಿ ಗುಂಪಿನ ಉನ್ಮಾದ ಎಷ್ಟು, ಸಿದ್ಧಾಂತ ಎಷ್ಟು ಎಂದು ಬೇರ್ಪಡಿಸಲು ಅವರಿಂದಲೇ ಆಗುತ್ತಿತ್ತೋ ಇಲ್ಲವೋ. ಮೊದಲ ವಿಚಾರಣೆ ಅವರನ್ನು ಮೌನಕ್ಕೆ ತಳ್ಳಿತು, ಎರಡನೆಯದು ಒಂದು ನಿರ್ದಿಷ್ಟ ಬಗೆಯ ಮಾತಿಗೆ ತಳ್ಳಿತು. ಆದರೂ ಎರಡನೆಯದರಲ್ಲಿ ನೊಂದವರಿಗೆ ದಕ್ಕಿದ್ದು ಹೆಚ್ಚು.

ಬಿಡುಗಡೆಯ ನಂತರ

ಬೀಲ್ ದಂಪತಿ ಅಷ್ಟರಲ್ಲೇ ಮಗಳ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಕಟ್ಟಿ ಗುಗುಲೆತು ಮತ್ತು ಸುತ್ತಲಿನ ಬಡಾವಣೆಗಳ ಮಕ್ಕಳಿಗೆ ಶಾಲೆ ಬಿಟ್ಟ ನಂತರದ ಕಲಿಕೆ, ಸಂಗೀತ, ಆಟಗಳನ್ನು ನಡೆಸುತ್ತಿದ್ದರು. ಒಂದು ಬೇಕರಿಯನ್ನೂ ಆರಂಭಿಸಿದ್ದರು. ಪೆನಿ ಮತ್ತು ನೊಫೆಮೆಲಾ ಹೊರಬಂದ ಮೇಲೆ ತಮ್ಮ ಬೀದಿಯ ಹುಡುಗರಿಗಾಗಿ ಒಂದು ಯುವಕ ಸಂಘ ಮಾಡಿಕೊಂಡು, ಆ ದಂಪತಿಯನ್ನು ಭೇಟಿಯಾಗಲು ತಾವೇ ಮುಂದಾದರು. ಕ್ರಮೇಣ ಪ್ರತಿಷ್ಠಾನದ ನೌಕರರಾದರು. 2002ರಲ್ಲಿ ಪೀಟರ್ ತೀರಿಕೊಂಡರು. ಲಿಂಡಾ ಆ ಇಬ್ಬರೊಡನೆ ಊರೂರಿಗೆ ಹೋಗಿ ಸಾಮರಸ್ಯದ ಬಗ್ಗೆ ಮಾತನಾಡುವುದನ್ನು ಮುಂದುವರಿಸಿದರು. ಕೊಂದವನೂ ತಾಯಿಯೂ ಒಂದೇ ವೇದಿಕೆಯಲ್ಲಿ ಕುಳಿತರು.

ಇನ್ನಿಬ್ಬರು ಈ ದಾರಿಗೆ ಬರಲಿಲ್ಲ. ಇದನ್ನೂ ಹೇಳಬೇಕು, ಏಕೆಂದರೆ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಬ್ಬರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಸತ್ಯ ಹೇಳಿದ ಮಾತ್ರಕ್ಕೆ ಮನುಷ್ಯ ಬದಲಾಗುತ್ತಾನೆ ಎಂದಿಲ್ಲ. ಬದಲಾದ ಇಬ್ಬರಿಗೆ ಹೊರಗೆ ಒಂದು ಬಾಗಿಲು ತೆರೆದಿತ್ತು, ಕೆಲಸವಿತ್ತು, ತಮ್ಮನ್ನು ಹೆಸರು ಹಿಡಿದು ಕರೆಯುವ ಒಬ್ಬ ತಾಯಿ ಇದ್ದರು. ಇಷ್ಟನ್ನೂ ಒದಗಿಸಿದ್ದು ನೊಂದ ಕುಟುಂಬ. ಪೀಟರ್ ತಮ್ಮ ಪ್ರಶ್ನೆಯನ್ನು ಸರ್ಕಾರದ ಮುಂದೆ ಇಟ್ಟಿದ್ದರು, ಕೊನೆಗೆ ಅದಕ್ಕೆ ಉತ್ತರವನ್ನೂ ಅವರೇ ಕೊಡಬೇಕಾಯಿತು.

ಅದೇ ರಸ್ತೆಯ ಏಳು ಯುವಕರು

ಏಮಿಯ ಮೇಲೆ ದಾಳಿ ನಡೆದ ರಸ್ತೆಗೆ ಈಗ ಸ್ಟೀವ್ ಬಿಕೋ ಅವರ ಹೆಸರಿದೆ. ಅಲ್ಲಿ ಆಕೆಯ ಸ್ಮಾರಕವಿದೆ. ಅದೇ ರಸ್ತೆಯಲ್ಲಿ ಇನ್ನೊಂದು ಸ್ಮಾರಕವೂ ಇದೆ. 1986ರ ಮಾರ್ಚ್ 3ರಂದು ಗುಗುಲೆತುವಿನಲ್ಲಿ ಪೊಲೀಸರು ಏಳು ಯುವಕರನ್ನು ಹೊಂಚು ಹಾಕಿ ಕೊಂದರು. ಗುಂಪಿನೊಳಗೆ ತಮ್ಮದೇ ಜನರನ್ನು ಸೇರಿಸಿ, ಬಲೆಗೆ ಕೆಡವಿ, ಸತ್ತ ಮೇಲೆ ಭಯೋತ್ಪಾದಕರು ಎಂದು ಸಾರಿದರು. ತಾಯಂದಿರಲ್ಲಿ ಕೆಲವರಿಗೆ ಮಗನ ಸಾವು ತಿಳಿದದ್ದು ದೂರದರ್ಶನದ ಸುದ್ದಿಯಿಂದ. ಆಯೋಗದ ಮುಂದೆ ಪೊಲೀಸರೇ ತೆಗೆದಿದ್ದ ವಿಡಿಯೊ ಪ್ರದರ್ಶಿಸಿದಾಗ ಒಬ್ಬ ತಾಯಿ ಚಪ್ಪಲಿ ಕಿತ್ತು ಪೊಲೀಸರತ್ತ ಎಸೆದರು.

ಆ ದಾಳಿಯಲ್ಲಿ ಭಾಗಿಯಾಗಿದ್ದ ಕಪ್ಪುವರ್ಣದ ಪೊಲೀಸ್ ಥಪೆಲೊ ಎಂಬೆಲೊ ಮುಂದೆ ಆ ತಾಯಂದಿರನ್ನು ಎದುರಿಗೆ ಕಂಡು ಕ್ಷಮೆ ಕೇಳಿದ. ಅವರಲ್ಲಿ ಕೆಲವರು ಅವನನ್ನು ಬೈದರು, ತಿರಸ್ಕರಿಸಿದರು. ಕ್ರಿಸ್ಟೋಫರ್ ಪೀಟ್ ಎಂಬ ಯುವಕನ ತಾಯಿ ಸಿಂಥಿಯಾ ಎನ್‌ಗೆವು ಕ್ಷಮಿಸಿದರು. ಸಾಮರಸ್ಯ ಎಂದರೆ ನನ್ನ ಮಗನನ್ನು ಕೊಂದವನು ಮತ್ತೆ ಮನುಷ್ಯನಾಗುವುದು, ಆ ಮೂಲಕ ನಮಗೆಲ್ಲರಿಗೂ ನಮ್ಮ ಮನುಷ್ಯತ್ವ ಮರಳುವುದು ಎಂದಾದರೆ ನಾನು ಅದನ್ನು ಒಪ್ಪುತ್ತೇನೆ ಎಂದು ಅವರು ಆಯೋಗಕ್ಕೆ ಹೇಳಿದರು.

ಅವರ ಮಾತಿನ ಆಳಕ್ಕೆ ಸಮನಾದದ್ದನ್ನು ನಾನು ಇಡೀ ಆಯೋಗದ ಕಡತಗಳಲ್ಲಿ ಕಂಡಿಲ್ಲ. ಆದರೆ ಬೀಲ್ ದಂಪತಿಯ ಕ್ಷಮೆ ಲೋಕಪ್ರಸಿದ್ಧವಾಯಿತು, ಈ ತಾಯಿಯ ಕ್ಷಮೆ ಹಾಗಾಗಲಿಲ್ಲ. ಕಪ್ಪುವರ್ಣದ ಬಡ ತಾಯಿ ಕ್ಷಮಿಸುವುದು ಜಗತ್ತಿಗೆ ಸಹಜವಾಗಿ ಕಂಡಿತು, ಬಿಳಿಯರು ಕ್ಷಮಿಸಿದ್ದು ಪವಾಡವಾಗಿ ಕಂಡಿತು. ಯಾರ ನೋವು ನೋವು ಎಂಬ ಹಳೆಯ ವಿಭಜನೆ ಅನುಕಂಪದಲ್ಲೂ ಹೀಗೆ ಮುಂದುವರಿಯುತ್ತದೆ. ಇದರಲ್ಲಿ ಬೀಲ್ ದಂಪತಿಯ ತಪ್ಪು ಏನೂ ಇಲ್ಲ. ನೋಡುವ ನಮ್ಮ ಕಣ್ಣುಗಳು ಸರಿಯಾಗಬೇಕು.

ಹಣದ ವಿಷಯದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಕ್ಷಮಾದಾನ ಸಿಕ್ಕವರು ಅದೇ ದಿನ ಬಿಡುಗಡೆಯಾಗುತ್ತಿದ್ದರು. ನೊಂದವರಿಗೆ ಆರು ವರ್ಷಗಳ ಕಾಲ ವರ್ಷಕ್ಕೆ ಸುಮಾರು 17,000ದಿಂದ 23,000 ರ‍್ಯಾಂಡ್ ಕೊಡಬೇಕೆಂದು ಆಯೋಗ ಶಿಫಾರಸು ಮಾಡಿತ್ತು. ವರ್ಷಗಟ್ಟಲೆ ಕಾಯಿಸಿ, 2003ರಲ್ಲಿ ಸರ್ಕಾರ ಪ್ರಕಟಿಸಿದ್ದು ಒಂದೇ ಸಲದ 30,000 ರ‍್ಯಾಂಡ್. ದಾವೆ ಹೂಡುವ ಹಕ್ಕನ್ನು ಕಸಿದುಕೊಂಡ ಸರ್ಕಾರ ಅದಕ್ಕೆ ಬದಲಾಗಿ ಕೊಡಬೇಕಾದದ್ದನ್ನು ಹೀಗೆ ಕಡಿತ ಮಾಡಿದ್ದು ನನ್ನ ದೃಷ್ಟಿಯಲ್ಲಿ ಈ ಇಡೀ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ.

ಕ್ಷಮಿಸದವರ ಹಕ್ಕು

ಏಮಿ ಸಾಯುವ ನಾಲ್ಕು ತಿಂಗಳ ಮೊದಲು, 1993ರ ಏಪ್ರಿಲ್ 10ರಂದು, ಕಮ್ಯುನಿಸ್ಟ್ ನಾಯಕ ಕ್ರಿಸ್ ಹಾನಿ ಅವರನ್ನು ಮನೆಯ ಮುಂದೆಯೇ ಗುಂಡಿಕ್ಕಿ ಕೊಲ್ಲಲಾಗಿತ್ತು. ಕೊಂದ ಯಾನುಷ್ ವಾಲುಸ್ ಮತ್ತು ಸಂಚು ರೂಪಿಸಿದ ಕ್ಲೈವ್ ಡರ್ಬಿ-ಲೂಯಿಸ್ ಅವರ ಕ್ಷಮಾದಾನದ ಅರ್ಜಿಯನ್ನು ಹಾನಿ ಅವರ ಪತ್ನಿ ಲಿಂಫೊ ಬಲವಾಗಿ ವಿರೋಧಿಸಿದರು. 1999ರಲ್ಲಿ ಅರ್ಜಿ ತಿರಸ್ಕೃತವಾಯಿತು. ಅದಕ್ಕೆ ಕಾರಣ ಆಕೆಯ ವಿರೋಧ ಆಗಿರಲಿಲ್ಲ. ಅವರು ಪೂರ್ಣ ಸತ್ಯ ಹೇಳಿಲ್ಲ, ತಮ್ಮ ಪಕ್ಷದ ಪರವಾಗಿ ಕೆಲಸ ಮಾಡಿದ್ದೂ ಸಾಬೀತಾಗಿಲ್ಲ ಎಂದು ಸಮಿತಿ ಹೇಳಿತು. 2022ರ ನವೆಂಬರ್‌ನಲ್ಲಿ ವಾಲುಸ್‌ನನ್ನು ಪರೋಲ್ ಮೇಲೆ ಬಿಡಲು ಸಾಂವಿಧಾನಿಕ ನ್ಯಾಯಾಲಯ ಆದೇಶಿಸಿದಾಗ ಲಿಂಫೊ ತೀವ್ರವಾಗಿ ಖಂಡಿಸಿದರು. ಸುಮಾರು ಮೂವತ್ತು ವರ್ಷಗಳ ನಂತರವೂ ಅವರು ಕ್ಷಮಿಸಿರಲಿಲ್ಲ.

ಲಿಂಡಾ ಬೀಲ್ ದೊಡ್ಡವರು, ಲಿಂಫೊ ಹಾನಿ ಸಣ್ಣವರು ಎಂದು ಅಳೆಯುವವರನ್ನು ನಾನು ಒಪ್ಪಲಾರೆ. ಒಬ್ಬರ ಎದುರಿಗೆ ಕುಳಿತವರು ನಡೆದದ್ದನ್ನು ಹೇಳಿದ್ದರು, ಇನ್ನೊಬ್ಬರ ಎದುರಿಗೆ ಕುಳಿತವರು ಪೂರ್ತಿ ಹೇಳಲಿಲ್ಲ. ಏನನ್ನು ಕ್ಷಮಿಸಬೇಕು ಎಂಬುದೇ ತಿಳಿಯದೆ ಕ್ಷಮಿಸಿ ಎಂದು ಕೇಳುವುದು ಹಿಂಸೆ. ಎಲ್ಲವೂ ತಿಳಿದ ಮೇಲೂ ಇಲ್ಲ ಎನ್ನುವ ಹಕ್ಕು ಆಕೆಗಿದೆ. ಗಮನಿಸಬೇಕಾದದ್ದೆಂದರೆ, ಲಿಂಫೊ ಕ್ಷಮಿಸದಿದ್ದರೂ ಕಾನೂನು ಪರೋಲ್ ಕೊಟ್ಟಿತು, ಬೀಲ್ ದಂಪತಿ ಕ್ಷಮಿಸದಿದ್ದರೂ ಷರತ್ತು ಪೂರೈಸಿದ್ದರೆ ಕ್ಷಮಾದಾನ ಸಿಗುತ್ತಿತ್ತು. ಹಾಗೆಯೇ ಇರಬೇಕು. ಶಿಕ್ಷೆಯ ಅವಧಿ ನೊಂದವರ ಉದಾರತೆಯನ್ನು ಅವಲಂಬಿಸಿದರೆ, ಕೊಂದವನ ಭವಿಷ್ಯಕ್ಕೆ ಸತ್ತವನ ಹೆಂಡತಿಯನ್ನು ಹೊಣೆಗಾರಳನ್ನಾಗಿ ಮಾಡಿದಂತಾಗುತ್ತದೆ.

ಹಾಗಾದರೆ ಆ 18 ವರ್ಷ ಯಾತಕ್ಕೆ?

ಶಿಕ್ಷೆಗೆ ಸಾಮಾನ್ಯವಾಗಿ ಹೇಳುವ ಕಾರಣಗಳನ್ನು ಈ ಪ್ರಕರಣದ ಮೇಲೆ ಇಟ್ಟು ನೋಡಬಹುದು. ಇನ್ನೊಬ್ಬರಿಗೆ ಭಯ ಹುಟ್ಟಿಸಲು ಎಂದರೆ, ನೂರಾರು ಗಲ್ಲುಗಳಿಗೆ ಹೆದರದ ಬೀದಿಗಳು 18 ವರ್ಷಕ್ಕೆ ಹೆದರುವಂತಿರಲಿಲ್ಲ. ಅಪಾಯಕಾರಿಗಳನ್ನು ಸಮಾಜದಿಂದ ದೂರ ಇಡಲು ಎಂದರೆ, ಅಂಥ ಗುಂಪುಗಳನ್ನು ಹುಟ್ಟಿಸಿದ ಪರಿಸ್ಥಿತಿ ಹೊರಗೇ ಇತ್ತು. ಸುಧಾರಣೆ ಎಂದರೆ, ಅದು ಹೊರಗೆ ಬಂದ ಮೇಲೆ, ಅದೂ ಎಲ್ಲರಿಗೂ ಆಗಲಿಲ್ಲ. ಮಾಡಿದ್ದಕ್ಕೆ ತಕ್ಕ ನೋವು ಎಂಬ ಕಾರಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಏಮಿಯ ಜೀವಕ್ಕೆ ಬೆಲೆಯಿದೆ ಎಂದು ಯಾರಾದರೂ ಗಟ್ಟಿಯಾಗಿ ಹೇಳಲೇಬೇಕಿತ್ತು, 18 ವರ್ಷದ ಶಿಕ್ಷೆ ಅದನ್ನು ಹೇಳಿತು.

ತೊಂದರೆ ಇದ್ದದ್ದು ಅದನ್ನು ಯಾರು ಕೇಳಿಸಿಕೊಂಡರು ಎಂಬಲ್ಲಿ. ಶಿಕ್ಷೆಯ ಕೆಲಸಗಳಲ್ಲಿ ಒಂದು, ಇದು ತಪ್ಪು ಎಂದು ಇಡೀ ಸಮಾಜದ ಪರವಾಗಿ ಹೇಳುವುದು. ಸಮಾಜ ಎರಡಾಗಿ ಒಡೆದಿರುವಾಗ ಆ ಮಾತು ಒಂದೇ ಬದಿಗೆ ಕೇಳಿಸುತ್ತದೆ. ಗ್ಯಾಲರಿಯಲ್ಲಿ ನಕ್ಕ ಯುವಕರಿಗೆ ನ್ಯಾಯಾಧೀಶರ ಮಾತು ತಲುಪಲಿಲ್ಲ. ತಮ್ಮದೇ ಸಂಘಟನೆಯ ಪೆನಿ, ತಮ್ಮದೇ ಹೊಸ ಸರ್ಕಾರದ ಆಯೋಗದ ಮುಂದೆ, ನಾವು ಮಾಡಿದ್ದು ಕೆಟ್ಟದ್ದು ಎಂದಾಗ ಅದನ್ನು ಬಿಳಿಯರ ಕುತಂತ್ರ ಎಂದು ತಳ್ಳಿಹಾಕಲು ಅವರಿಗೆ ಆಗುತ್ತಿರಲಿಲ್ಲ. ಏಳು ಯುವಕರ ವಿಷಯದಲ್ಲೂ ಹಾಗೆಯೇ. ವರ್ಷಗಟ್ಟಲೆ ಆ ತಾಯಂದಿರನ್ನು ನಂಬದಿದ್ದ ಬಿಳಿಯರು, ಕೊನೆಗೆ ಪೊಲೀಸರ ಬಾಯಿಂದಲೇ ಕೇಳಬೇಕಾಯಿತು.

ಇದರಿಂದ ಸೆರೆಮನೆ ಬೇಡ ಎಂಬ ತೀರ್ಮಾನ ಬರುವುದಿಲ್ಲ. ಆ ನಾಲ್ವರು ಬಾಯಿ ತೆರೆದದ್ದು ತಮ್ಮ ಮುಂದೆ ಇನ್ನೂ ಸುಮಾರು ಹದಿನೈದು ವರ್ಷಗಳ ಸೆರೆ ಇದ್ದುದರಿಂದ. ಸತ್ಯ ಹೇಳಿದರೆ ಬಿಡುಗಡೆ ಎಂಬ ಒಪ್ಪಂದಕ್ಕೆ ಬಲ ಬರುವುದು, ಹೇಳದಿದ್ದರೆ ಶಿಕ್ಷೆ ಖಂಡಿತ ಎಂಬ ಭಯ ಇದ್ದಾಗ ಮಾತ್ರ. ಆಯೋಗಕ್ಕೆ ಬಂದ ಏಳು ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ ಕ್ಷಮಾದಾನ ಸಿಕ್ಕಿದ್ದು 849 ಮಂದಿಗೆ. ಅರ್ಜಿ ಹಾಕಿದವರಲ್ಲಿ ದೊಡ್ಡ ಪಾಲು ಆಗಲೇ ಸೆರೆಯಲ್ಲಿದ್ದವರು. ಹೊರಗಿದ್ದ ಸೇನಾಧಿಕಾರಿಗಳು, ಆದೇಶ ಕೊಟ್ಟ ಮಂತ್ರಿಗಳಲ್ಲಿ ಬಹಳಷ್ಟು ಜನ ತಮಗೇನೂ ಆಗದೆಂದು ಲೆಕ್ಕ ಹಾಕಿ ಸುಮ್ಮನಿದ್ದರು.

ಅವರ ಲೆಕ್ಕ ತಪ್ಪಲಿಲ್ಲ. ಕ್ಷಮಾದಾನ ಸಿಗದವರ, ಅರ್ಜಿಯನ್ನೇ ಹಾಕದವರ ಸುಮಾರು 300 ಪ್ರಕರಣಗಳನ್ನು ಆಯೋಗ ಮೊಕದ್ದಮೆಗಾಗಿ ಸರ್ಕಾರಿ ಅಭಿಯೋಜಕರಿಗೆ ಒಪ್ಪಿಸಿತು. ನ್ಯಾಯಾಲಯ ಮುಟ್ಟಿದ್ದು ಬೆರಳೆಣಿಕೆಯಷ್ಟು. ಬಿಕೋ ಸಾವಿಗೆ ಸಂಬಂಧಿಸಿದ ಪೊಲೀಸರಿಗೆ ಕ್ಷಮಾದಾನ ನಿರಾಕರಿಸಲಾಗಿತ್ತು, ಆದರೂ ಅವರ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು 2003ರಲ್ಲಿ ಅಧಿಕಾರಿಗಳು ಪ್ರಕಟಿಸಿದರು. ಈ ಪ್ರಕರಣಗಳನ್ನು ರಾಜಕೀಯ ಒತ್ತಡದಿಂದ ತಡೆಹಿಡಿಯಲಾಯಿತೇ ಎಂದು ತನಿಖೆ ಮಾಡಲು ಅಧ್ಯಕ್ಷ ಸಿರಿಲ್ ರಾಮಫೋಸಾ ಒಂದು ಆಯೋಗ ನೇಮಿಸಿದ್ದು 2025ರಲ್ಲಿ, ಅದೂ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ಅದರ ಮುಖ್ಯಸ್ಥೆ ನ್ಯಾಯಮೂರ್ತಿ ಸಿಸಿ ಖಂಪೆಪೆ 1990ರ ದಶಕದ ಕ್ಷಮಾದಾನ ಸಮಿತಿಯಲ್ಲೂ ಇದ್ದವರು.

ಪೆನಿ ಮತ್ತು ನೊಫೆಮೆಲಾ ಸತ್ಯ ಹೇಳಿ ಹೊರಬಂದರು. ಹೇಳದೆ ಉಳಿದವರಿಗೂ ಅಷ್ಟೇ ಸ್ವಾತಂತ್ರ್ಯ ಸಿಕ್ಕಿದ್ದು ಸತ್ಯ ಹೇಳಿದವರಿಗೂ ಅವರನ್ನು ಕೇಳಿಸಿಕೊಂಡ ತಂದೆತಾಯಿಗಳಿಗೂ ಮಾಡಿದ ದ್ರೋಹ. 1985ರ ಜೂನ್ 27ರಂದು ಕ್ರಾಡಾಕ್ ಪಟ್ಟಣದ ನಾಲ್ವರು ಹೋರಾಟಗಾರರನ್ನು ಅಪಹರಿಸಿ ಕೊಂದ ಪ್ರಕರಣದಲ್ಲಿ ಆರು ಮಂದಿ ಭದ್ರತಾ ಪೊಲೀಸರು ಪೂರ್ಣ ಸತ್ಯ ಹೇಳಿಲ್ಲ ಎಂದು 1999ರಲ್ಲಿ ಅವರಿಗೆ ಕ್ಷಮಾದಾನ ನಿರಾಕರಿಸಲಾಯಿತು. ಅವರ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ. ಆ ಸಾವುಗಳ ಹೊಸ ವಿಚಾರಣೆ 2025ರ ಜೂನ್‌ನಲ್ಲಿ ಆರಂಭವಾದಾಗ ಆ ಆರು ಮಂದಿಯಲ್ಲಿ ಒಬ್ಬರೂ ಬದುಕಿರಲಿಲ್ಲ.